ಸೂಜಿಮೊನೆಯಲ್ಲಿ ಚಿತ್ರ ನಡೆಸಿದ ಲಕ್ಕಯ್ಯನವರು

ಹಾಸನ ಸೀಮೆಯ ಹಳ್ಳಿಗಳಿಗೆ ಸಿನಿಮಾ ಹೊತ್ತು ತಂದವರು ಹಲವರಿದ್ದಾರೆ. ಆದರೆ ಕ್ಯಾಮೆರಾ, ಸ್ಟುಡಿಯೋಗಳ ಹಂಗಿಲ್ಲದೆ ಒಂದು ಹೊಲಿಗೆ ಸೂಜಿಯಿಂದ ಫಿಲ್ಮಿನ ಮೇಲೆಯೇ ಚಿತ್ರ ಕೊರೆದು, ಆ ಚಿತ್ರಗಳು ಪರದೆಯ ಮೇಲೆ ನಡೆದಾಡುವಂತೆ ಮಾಡಿದವರು, ನಾವು ಬಲ್ಲಂತೆ, ಮಲ್ಲಿಪಟ್ಟಣದ ಶ್ರೀ ಲಕ್ಕಯ್ಯನವರೊಬ್ಬರೇ. ಆರೋಗ್ಯ ಪ್ರಚಾರದ ವ್ಯಾನಿನಲ್ಲಿ ಪ್ರೊಜೆಕ್ಟರ್ ಆಪರೇಟರಾಗಿ ಸೇರಿ, ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಈ ೧೯೬೮ರ ಮಾರ್ಚಿನಲ್ಲಿ ನಿವೃತ್ತರಾದ ಅವರಿಗೆ ಜೊತೆಯವರೆಲ್ಲ ಕೂಡಿ ಈ ಸಂಪುಟವನ್ನು ಪ್ರೀತಿಯಿಂದ ಒಪ್ಪಿಸುತ್ತಿದ್ದೇವೆ.

ಚನ್ನರಾಯಪಟ್ಟಣದ ಟೆಂಟ್ ಸಿನಿಮಾದಲ್ಲಿ ಯಂತ್ರ ಒರೆಸುತ್ತ ಕೆಲಸ ಕಲಿತ ಲಕ್ಕಯ್ಯನವರು ೧೯೪೯ರಲ್ಲಿ ಸರ್ಕಾರಿ ವ್ಯಾನು ಹತ್ತಿದರು. ನಾಲ್ಕು ವರ್ಷದ ತರುವಾಯ ಹೊಳೆನರಸೀಪುರದಲ್ಲಿ ಮಲೇರಿಯಾ ಚಿತ್ರವೊಂದನ್ನು ತೋರಿಸುತ್ತಿದ್ದಾಗ ಫಿಲ್ಮು ಹರಿಯಿತು. ಅವಸರದಲ್ಲಿ ಬ್ಲೇಡಿನಿಂದ ಕೆರೆದು, ಅಂಟಿಸಿ, ಮತ್ತೆ ಓಡಿಸಿದಾಗ ಆ ಕೆರೆದ ಗೀರು ಪರದೆಯ ಮೇಲೆ ಬೆಳ್ಳಗೆ ಒಮ್ಮೆ ಕುಣಿದು ಮಾಯವಾಯಿತು. ಜನ ನಕ್ಕರು. ಲಕ್ಕಯ್ಯನವರು ಮಾತ್ರ ಆ ಗೀರನ್ನೇ ನೆನೆಯುತ್ತ ಊರಿಗೆ ಮರಳಿದರು.

ಸುರುಳಿಗಳ ತುದಿಯಲ್ಲಿ ಚಿತ್ರವಿಲ್ಲದ ಕಪ್ಪು ಪಟ್ಟಿ ಇರುತ್ತದೆ. ಅದು ಕಸಕ್ಕೆ ಹೋಗುವಂಥದು. ಅದನ್ನು ಕೂಡಿಟ್ಟು, ಗಡಿಯಾರ ರಿಪೇರಿಯವರ ಕಣ್ಣುಗಾಜು ತೊಟ್ಟು, ಉಗುರಿಗಿಂತ ಚಿಕ್ಕದಾದ ಒಂದೊಂದು ಚೌಕದಲ್ಲೂ ಗೆರೆ ಕೊರೆಯತೊಡಗಿದರು. ಇಪ್ಪತ್ತನಾಲ್ಕು ಚೌಕ ಕೊರೆದರೆ ಒಂದು ಸೆಕೆಂಡಿನ ಚಿತ್ರ. ಹದಿನೈದು ದಿನ ಕೂತು ಕೊರೆದ ಮೊದಲ ಕೊಕ್ಕರೆ ಜನ ತಲೆಯೆತ್ತುವಷ್ಟರಲ್ಲಿ ಹಾರಿಹೋಗಿತ್ತು. "ನಂಗೇ ಕಾಣ್ನಿಲ್ಲ, ಇನ್ನು ಅವ್ರಿಗೆಲ್ ಕಂಡಾತು" ಎಂದು ತಾವೇ ನಕ್ಕು ಮತ್ತೆ ಸೂಜಿ ಹಿಡಿದರು.

ವ್ಯಾನಿನೊಡನೆ ತಿರುಗುತ್ತಿದ್ದ ಆರೋಗ್ಯ ಸಂದರ್ಶಕಿ ಅನಸೂಯಮ್ಮನವರು ಆ ದಿನಗಳನ್ನು ಇಂದಿಗೂ ಮರೆತಿಲ್ಲ. ಇಂಗ್ಲಿಷ್ ಚಿತ್ರಗಳ ಮಾತು ಯಾರಿಗೂ ಅರ್ಥವಾಗದಿದ್ದಾಗ, ಪರದೆಯ ಪಕ್ಕ ನಿಂತು ಊರಿನ ಮಾತಿನಲ್ಲೇ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದವರು ಲಕ್ಕಯ್ಯನವರು. ಮಾತೇ ಬೇಡದ ಚಿತ್ರವೊಂದು ಬೇಕು ಎಂಬ ಹಂಬಲ ಅವರಲ್ಲಿ ಹುಟ್ಟಿದ್ದು ಹಾಗೆ.

ಎರಡು ವರ್ಷ ದುಡಿದು, ೧೯೫೮ರಲ್ಲಿ ಅವರು ಮೂರು ನಿಮಿಷದ ಒಂದು ಚಿತ್ರ ಮುಗಿಸಿದರು. ಒಬ್ಬ ಹೆಂಗಸು ಬಾವಿಯಿಂದ ನೀರು ಸೇದುತ್ತಾಳೆ. ಇನ್ನೊಬ್ಬಳು ಬರುತ್ತಾಳೆ, ಮೊದಲನೆಯವಳು ಹಗ್ಗವನ್ನು ಅವಳ ಕೈಗೆ ಕೊಡುತ್ತಾಳೆ. ಅರಕಲಗೂಡಿನ ಬಳಿಯ ಹಳ್ಳಿಯೊಂದರಲ್ಲಿ ತೋರಿಸಿದಾಗ ಊರಿನ ಯಜಮಾನ ರಂಗಸ್ವಾಮಿಗೌಡರು ಎದ್ದು ನಿಂತರು.

"ಆ ಎಲ್ಡ್ನೇ ಎಂಗ್ಸು ಯಾವ ಕೇರಿಯೋಳ್ಲಾ?"

"ಗೊತ್ತಿಲ್ಲ ಗೌಡ್ರೆ. ನಾ ಬರ್ದಿದ್ದು ಬಾಯಾರಿದ ಎಂಗ್ಸುನ್ನ" ಎಂದರು ಲಕ್ಕಯ್ಯನವರು. ಅವರು ಹುಟ್ಟಿದ ಕೇರಿ ಯಾವುದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ವಾರದೊಳಗೆ ದೂರು ಹೋಯಿತು. ಆಗಿನ ಮೇಲಧಿಕಾರಿಗಳು ಲಕ್ಕಯ್ಯನವರನ್ನು ವ್ಯಾನಿನಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರು. ಫಿಲ್ಮಿನ ಡಬ್ಬಿಯನ್ನು ಅನಸೂಯಮ್ಮನವರ ಕೈಗಿತ್ತು, ಸುಟ್ಟುಬಿಡಿ ಎಂದರು. ಕೈಯಿಂದ ಕೊರೆದ ಚಿತ್ರಕ್ಕೆ ಇನ್ನೊಂದು ಪ್ರತಿಯಿರಲಿಲ್ಲ. ಸುಟ್ಟುಹೋಯಿತೆಂದು ಅನಸೂಯಮ್ಮನವರು ಹೇಳಿದಾಗ ಲಕ್ಕಯ್ಯನವರು ಫಿನಾಯಿಲ್ ಡಬ್ಬಗಳನ್ನು ಜೋಡಿಸುತ್ತ ಕೂತರಂತೆ. ಮೂರು ವರ್ಷ ಅವರು ಸೂಜಿ ಮುಟ್ಟಲಿಲ್ಲ.

೧೯೬೧ರ ಬೇಸಿಗೆಯಲ್ಲಿ ಅದೇ ಹಳ್ಳಿಯ ಕೇರಿಗೆ ವಾಂತಿಭೇದಿ ಬಡಿಯಿತು. ಊರ ಬಾವಿ ಮುಟ್ಟುವಂತಿಲ್ಲದ ಅಲ್ಲಿಯವರಿಗೆ ಕಟ್ಟೆಯ ಕೊಳಕು ನೀರೇ ಗತಿಯಾಗಿತ್ತು. ಹೊಸ ಅಧಿಕಾರಿಗಳ ಒಪ್ಪಿಗೆ ಪಡೆದು ಲಕ್ಕಯ್ಯನವರನ್ನು ಮತ್ತೆ ವ್ಯಾನಿಗೆ ಕರೆತಂದ ಅನಸೂಯಮ್ಮನವರು ತಮ್ಮ ಟ್ರಂಕಿನಿಂದ ಆ ಡಬ್ಬಿಯನ್ನು ತೆಗೆದು ಅವರ ಮುಂದಿಟ್ಟರು.

"ಸುಟ್ಟೋಯ್ತು ಅಂದಿದ್ರಲ್ಲವ್ವಾ."

"ಅಂದಿದ್ದೆ. ಇದೆ ಅಂದಿದ್ರೆ ನೀವು ತೋರಿಸ್ದೆ ಬಿಡ್ತಿರ್ಲಿಲ್ಲ, ಕೆಲಸ ಹೋಗೋದು. ಈಗ ಮಿಷನ್ ಹಾಕಿ ಲಕ್ಕಯ್ಯ."

ಅದೇ ಹಳ್ಳಿಯಲ್ಲಿ, ಊರವರ ಮುಂದೆ, ಲಕ್ಕಯ್ಯನವರು ರೀಲು ಏರಿಸಿದರು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಸರಿಯಾಯಿತು. ಚಿತ್ರ ಮುಗಿದಾಗ ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ದೊಡ್ಡತಾಯಮ್ಮ, ರಂಗಸ್ವಾಮಿಗೌಡರ ತಾಯಿ, ಮಗನ ಕಡೆ ತಿರುಗಿದರು. "ಕೇರಿಯಿಂದ ಎಲ್ಡು ಎಣ ಓದ್ವು. ಇನ್ನೆಷ್ಟು ಓಗ್ಬೇಕ್ಲಾ? ನಾಳೆ ಅವ್ರ್ನ ಬಾವಿತಾಕೆ ಬರಾಕೇಳು. ಅಗ್ಗ ನಾನೇ ಕೊಡ್ತೀನಿ."

ಮಾರನೆಯ ದಿನ ಆಕೆ ಕೊಟ್ಟರು. ಕೆಲವು ಮನೆಯವರು ತಿಂಗಳುಗಟ್ಟಲೆ ಆ ಬಾವಿಯ ಕಡೆ ತಲೆಹಾಕಲಿಲ್ಲ. ಹಗ್ಗವನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಇದೆಲ್ಲ ಚಿತ್ರದಿಂದಲೇ ಆಯಿತೆಂದರೆ ಲಕ್ಕಯ್ಯನವರು ಒಪ್ಪುವುದಿಲ್ಲ: "ಆಯಮ್ಮನ್ ಮನ್ಸು ದೊಡ್ದು ಸಾ" ಎನ್ನುತ್ತಾರೆ.

ಅಲ್ಲಿಂದೀಚೆಗೆ ಅವರು ಇನ್ನೂ ನಾಲ್ಕು ಕಿರುಚಿತ್ರಗಳನ್ನು ಕೊರೆದಿದ್ದಾರೆ. ಈಗ ಇನ್ನೊಂದರಲ್ಲಿ ತೊಡಗಿದ್ದಾರೆ. ಅವರ ತಾಯಿ ಮಾದಮ್ಮನವರು ಮಗನನ್ನು ಶಾಲೆಗೆ ಸೇರಿಸಲೆಂದು ಕಂಕುಳಲ್ಲೆತ್ತಿ ಮಲ್ಲಿಪಟ್ಟಣದಿಂದ ಅರಕಲಗೂಡಿಗೆ ನಡೆದ ಕಥೆ ಅದು. ಯಾವಾಗ ಮುಗಿಯುತ್ತದೆಂದು ಮೊನ್ನೆ ಕೇಳಿದ್ದಕ್ಕೆ ಅವರು ಕಣ್ಣುಗಾಜು ತೆಗೆಯದೆಯೇ ಹೇಳಿದರು: "ಅವ್ವ ಇನ್ನೂ ಊರಾಚೆ ಬಂದಿಲ್ಲ ಸಾ. ಬಿಸ್ಲು. ನಿಧಾನಕ್ ಬರ್ಲಿ."

ಆ ತಾಯಿ ಶಾಲೆಯ ಬಾಗಿಲು ಮುಟ್ಟುವವರೆಗೆ, ಮುಟ್ಟಿದ ಮೇಲೂ ಬಹುಕಾಲ, ಲಕ್ಕಯ್ಯನವರ ಕಣ್ಣು ಮಂಜಾಗದಿರಲಿ, ಬೆರಳು ನಡುಗದಿರಲಿ.