ಅರ್ಧ ತಾಸಿನ ಪಾಠ

ನನ್ನ ಮಗಳಿಗೆ ಎಂಟನೆಯ ವಯಸ್ಸಿನಲ್ಲೇ ಗಡಿಯಾರ ನೋಡಲು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಬರುವುದಿಲ್ಲ ಎಂದು ಮನೆಮಂದಿಯ ಎದುರು ಹೇಳಿದವಳು ನಾನು — ಅವಳ ಹೆತ್ತ ತಾಯಿ, ಅವಳಿಗೆ ಅಕ್ಷರ ತಿದ್ದಿಸಿದ ಟೀಚರೂ ನಾನೇ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆಮೇಲೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹತ್ತು ವರ್ಷ ಓಡಾಡಿದೆ. ಓದುತ್ತಿರುವ ನೀವು ನನ್ನ ಬಗ್ಗೆ ಏನೆಂದುಕೊಂಡರೂ ಬೇಡ ಎನ್ನುವುದಿಲ್ಲ.

ಸ್ನೇಹಲ ನಮಗೆ ಒಬ್ಬಳೇ ಮಗಳು. ನಿಪ್ಪಾಣಿಯಲ್ಲಿ ನನ್ನ ಯಜಮಾನರದು ತಂಬಾಕಿನ ವ್ಯಾಪಾರ. ಮನೆಗೆ ಹೊಂದಿಕೊಂಡೇ ತಂಬಾಕು ತುಂಬಿಡುವ ವಖಾರಿ ಇತ್ತು. ಆ ಘಾಟಿಗೆ ಕೂಸಿಗೆ ದಮ್ಮು ಹತ್ತಿತು. ಡಾಕ್ಟರು ಊರು ಬಿಡಿಸಿ ಎಂದರು. ಚಿಕ್ಕೋಡಿಯ ಆಚೆ ನಮ್ಮ ತೋಟದಲ್ಲಿ ಅತ್ತೆ ಇದ್ದರು. ಮಗಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದೆ. ಯಜಮಾನರು ನಿಪ್ಪಾಣಿಯಲ್ಲೇ ಉಳಿದು ಆಗಾಗ ಬಂದು ಹೋಗುತ್ತಿದ್ದರು. ಶಾಲೆ ದೂರ, ದಾರಿಯ ತುಂಬ ಧೂಳು. ಬಿ.ಎಡ್. ಮಾಡಿ ಮದುವೆಗೆ ಮುಂಚೆ ನಾಲ್ಕು ವರ್ಷ ಕಲಿಸಿದವಳು ನಾನು. ನನ್ನ ಮಗಳಿಗೆ ಮನೆಯಲ್ಲೇ ಕಲಿಸಲಾರೆನೇ ಅಂದುಕೊಂಡೆ. ಅಹಂಕಾರವೂ ಸ್ವಲ್ಪ ಇತ್ತು — ಇಲ್ಲ, ಸ್ವಲ್ಪವಲ್ಲ, ಸಾಕಷ್ಟಿತ್ತು.

ಮೊದಲ ವರ್ಷ ನಾನು ಹಾಕಿದ ವೇಳಾಪಟ್ಟಿಯನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಸಣ್ಣ ಮಕ್ಕಳಿಗೆ ಪಾಠ ಚಿಕ್ಕದಿರಬೇಕು, ಬೇಸರ ಬರುವ ಮೊದಲೇ ಮುಗಿಯಬೇಕು ಎಂದು ಓದಿಕೊಂಡಿದ್ದೆ. ಒಂದೊಂದು ಪಾಠ ಅರ್ಧ ತಾಸು, ನಡುವೆ ಹೊರಗೆ ಆಟ. ಅವಳಿಗೆ ಕಾಣಲೆಂದು ಗಡಿಯಾರವನ್ನು ಗೋಡೆಯ ಮೇಲೆ ಕೆಳಗೇ ತೂಗುಹಾಕಿದ್ದೆ. 'ದೊಡ್ಡ ಮುಳ್ಳು ಇಲ್ಲಿಗೆ ಬಂತಂದ್ರ ಪುಸ್ತಕ ಮುಚ್ಚು, ನಾ ಏನೂ ಅನ್ನೂದಿಲ್ಲ' ಎಂದು ಮಾತು ಕೊಟ್ಟಿದ್ದೆ. ಹಾಗೆಯೇ ಅವಳು ಗಡಿಯಾರ ನೋಡಲು ಕಲಿತದ್ದು. ಮುಳ್ಳು ಬರುವವರೆಗೆ ಕಣ್ಣೆತ್ತುತ್ತಿರಲಿಲ್ಲ. ಬಂದ ಮರುಕ್ಷಣ ಪುಸ್ತಕ ಪಟ್ಟನೆ ಮುಚ್ಚಿ ಆಯಿಯ ಹತ್ತಿರ ಓಡುತ್ತಿದ್ದಳು. ಆಯಿ ಎಂದರೆ ನನ್ನ ಅತ್ತೆ.

ಆ ದೀಪಾವಳಿಗೆ ನಿಪ್ಪಾಣಿಯಿಂದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಬಂದಳು.

"ದಿನಾ ಎಷ್ಟ ತಾಸ ಕಲಸ್ತೀಯ ಅಕ್ಕಾ?"

"ಎರಡ ತಾಸು. ಭಾಳ ಆದ್ರ ಎರಡೂವರಿ."

"ಅಷ್ಟರಾಗ ಆಗತೈತೇನ? ನಮ್ಮ ಹುಡುಗ ಮುಂಜಾನೆ ಹೋದಾಂವ ಸಂಜೀಕ ಬರ್ತಾನ ನೋಡು."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅದು. ಆದರೆ ನನಗೆ ನಾಟಿತು. ಮಗಳನ್ನು ಹಿಂದೆ ಉಳಿಸಿಬಿಟ್ಟಳು ಎಂದು ನಾಳೆ ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರೆ ಎಂಬ ಭಯ. ಪಾಠ ಉದ್ದ ಮಾಡೋಣ ಎಂದರೆ ಸ್ನೇಹಲ ಒಪ್ಪಲಿಲ್ಲ. "ನೀ ಮಾತ ಕೊಟ್ಟೀದಿ" ಎಂದಳು. ಕೊಟ್ಟಿದ್ದೆ, ನಿಜ. ಮಾತು ಮುರಿಯಲು ನಾಚಿಕೆಯಾಯಿತು, ಮೋಸ ಮಾಡಲು ನಾಚಿಕೆಯಾಗಲಿಲ್ಲ — ಇದು ನನಗೆ ಇಂದಿಗೂ ಅರ್ಥವಾಗದ ಮಾತು. ಅವಳು ನೀರು ಕುಡಿಯಲು ಎದ್ದು ಹೋದಾಗ ಗಡಿಯಾರದ ಹಿಂದಿನ ತಿರುಪು ತಿರುವಿ ಮುಳ್ಳನ್ನು ಹಿಂದಕ್ಕೆ ಇಟ್ಟೆ. ಮರುದಿನ ಮತ್ತೆ. ಆಮೇಲೆ ಪ್ರತಿ ಪಾಠಕ್ಕೂ. ಅರ್ಧ ತಾಸು ಮುಕ್ಕಾಲಾಯಿತು, ಕೆಲವು ಸಲ ಅದಕ್ಕೂ ಹೆಚ್ಚು. ಅವಳು ಆಕಳ ಕರುವಿನ ಹತ್ತಿರ ಹೋದಾಗ ಸರಿಪಡಿಸಿ ಇಡುತ್ತಿದ್ದೆ. ಅಡುಗೆಮನೆಯಲ್ಲಿದ್ದ ಇನ್ನೊಂದು ಗಡಿಯಾರವನ್ನು ಕೆಟ್ಟಿದೆ ಎಂದು ಇಳಿಸಿಬಿಟ್ಟೆ.

ಮಗು ಚಡಪಡಿಸತೊಡಗಿತು. ಕಾಲು ಅಲ್ಲಾಡಿಸುವುದು, ಪೆನ್ಸಿಲ್ ಕಚ್ಚುವುದು, "ಇನ್ನೂ ಆಗಿಲ್ಲೇನ ಮಮ್ಮಿ" ಎಂದು ಮುಳ್ಳನ್ನೇ ನೋಡುವುದು. "ಅರ್ಧ ತಾಸ ಸುದ್ದಾ ಕೂಡಾಕ ಆಗೂದಿಲ್ಲಲ್ಲ ನಿನಗ" ಎಂದು ಗದರುತ್ತಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು.

ಇನ್ನು ಆ ಸಂಜೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅತ್ತೆ ಒಂದು ಅಗುಳು ಬಾಯಿಗೆ ಹಾಕಿದವರಲ್ಲ. ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ವ್ರತ. ಅವರಿಗೆ ಗಡಿಯಾರ ಬೇಕಿರಲಿಲ್ಲ. ಅಂಗಳಕ್ಕೆ ಬಂದು ಪಡುವಣ ನೋಡಿದರೆ ಸಾಕಿತ್ತು. ಆದರೆ ಆ ದಿನ ಬೆಳಗಿನಿಂದ ಜಡಿಮಳೆ, ಹಗಲೇ ಮಬ್ಬು. ನಾನು ದನದ ಮನೆಯಲ್ಲಿ ಸೋರುತ್ತಿದ್ದ ಕಡೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದೆ. ಗಡಿಯಾರ ಸರಿಮಾಡುವುದು ಮರೆತುಹೋಗಿ, ಅದು ಮುಕ್ಕಾಲು ತಾಸು ಹಿಂದೆಯೇ ಉಳಿದಿತ್ತು.

"ಎಷ್ಟ ಆಗೇತಿ ನೋಡವಾ" ಎಂದು ಅತ್ತೆ ಮೊಮ್ಮಗಳನ್ನು ಕೇಳಿದರಂತೆ. ಅವಳು ಓಡಿಹೋಗಿ ನೋಡಿ ಬಂದು, "ಆರ ಆಗೇತಿ ಆಯಿ" ಎಂದಳಂತೆ. ಇನ್ನೂ ವೇಳೆ ಇದೆಯೆಂದು ಅತ್ತೆ ನಿಧಾನವಾಗಿ ರೊಟ್ಟಿ ಬಡಿದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡರು. ಕೊನೆಯ ತುತ್ತಿನ ಹೊತ್ತಿಗೆ ಯಜಮಾನರು ತೊಯ್ಸಿಕೊಂಡು ನಿಪ್ಪಾಣಿಯಿಂದ ಬಂದರು.

"ಯಾಕವ್ವಾ, ಇಷ್ಟ ಹೊತ್ತಿಗಿ ಊಟಾ? ಏಳೂವರಿ ಆಗಾಕ ಬಂತು."

ನಾನು ಒಳಗೆ ಬರುವುದಕ್ಕೂ ಆ ಮಾತು ಕಿವಿಗೆ ಬೀಳುವುದಕ್ಕೂ ಸರಿಹೋಯಿತು. ಅತ್ತೆಯ ಕೈ ತಾಟಿನಲ್ಲೇ ನಿಂತಿತ್ತು. ನಾನು ನೇರವಾಗಿ ಎಲ್ಲಿಗೆ ಹೋದೆ ಗೊತ್ತೆ — ಪಾಠದ ಕೋಣೆಗೆ. ಮುಳ್ಳನ್ನು ಸರಿಯಾದ ವೇಳೆಗೆ ತಿರುವಿಟ್ಟೆ. ಹೊರಗೆ ಬಂದು ಅತ್ತೆಗೆ ಹೇಳಿದೆ: "ಆಕಿ ಮಾತ ಯಾಕ ಕೇಳಿದ್ರಿ ಅತ್ತೀ? ಆಕಿಗಿ ಇನ್ನೂ ಗಡಿಯಾರ ನೋಡಾಕ ಬರೂದಿಲ್ಲ."

"ಬರತೈತಿ, ನಾ ನೋಡೀನಿ" ಎಂದು ಸ್ನೇಹಲ ಕೋಣೆಗೆ ಓಡಿದಳು. ಹಿಂದೆಯೇ ಹೋದೆ. ಅವಳು ಗಡಿಯಾರದ ಎದುರು ನಿಂತಿದ್ದಳು. ನೋಡಿದಳು, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಬೆರಳಿನಿಂದ ಒಂದೊಂದೇ ಅಂಕಿ ಎಣಿಸಿದಳು. ಆಮೇಲೆ ಅಳಲಿಲ್ಲ, ವಾದ ಮಾಡಲಿಲ್ಲ. "ತಪ್ಪ ಆತು ಮಮ್ಮಿ" ಎಂದಳು.

ಆಗ ಹೇಳಬಹುದಿತ್ತು. ಅತ್ತೆ ಕೆಟ್ಟವರಲ್ಲ, ಯಜಮಾನರೂ ಹೊಡೆಯುವವರಲ್ಲ. ಬಹಳವಾದರೆ ನಾಲ್ಕು ದಿನ ಮುಖ ತಿರುಗಿಸುತ್ತಿದ್ದರು. ಅಷ್ಟನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ. ಅತ್ತೆ ಮರುದಿನ ಪ್ರಾಯಶ್ಚಿತ್ತದ ಉಪವಾಸ ಮಾಡಿದರು. ಮಗಳೂ ಊಟ ಒಲ್ಲೆನೆಂದು ಅವರ ಮಗ್ಗುಲಲ್ಲಿ ಕೂತಳು. ನಾನು ಉಂಡೆ. ಗಡಿಯಾರವನ್ನು ಮತ್ತೆ ಮುಟ್ಟಲಿಲ್ಲ, ಆದರೆ ಅದರಿಂದ ಆದ ಲಾಭವೇನು?

ಪ್ರತಿ ವರ್ಷ ಉಪವಾಸದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ ಬರುತ್ತದೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಂದು ಎಲ್ಲರೂ ಎಲ್ಲರ ಹತ್ತಿರ ಕೇಳುತ್ತೇವೆ. ಯಾವ ತಪ್ಪು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಆ ಅನುಕೂಲದೊಳಗೆ ನಾನು ವರ್ಷವರ್ಷವೂ ಅಡಗಿಕೊಂಡೆ. ಸ್ನೇಹಲ ಮಾತ್ರ ಬಿಡಿಸಿಯೇ ಹೇಳುತ್ತಿದ್ದಳು. ಆಯಿಯ ಪಾದ ಮುಟ್ಟಿ, "ಅವತ್ತ ಹೊತ್ತ ತಪ್ಪಿ ಹೇಳಿದ್ನಿ, ಕ್ಷಮಾ ಮಾಡ ಆಯಿ" ಎನ್ನುತ್ತಿದ್ದಳು. "ಸಣ್ಣಾಕಿ ಇದ್ದಿ, ಬಿಡವಾ" ಎಂದು ಅತ್ತೆ ಅವಳ ತಲೆ ಸವರುತ್ತಿದ್ದರು. ನಾನು ಅಲ್ಲೇ ನಿಂತಿರುತ್ತಿದ್ದೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಏನೂ ಗೊತ್ತಿಲ್ಲದೆಯೇ ಹೋದರು.

ದಮ್ಮು ಕಡಿಮೆಯಾಗಿ ಸ್ನೇಹಲ ಚಿಕ್ಕೋಡಿಯ ಕಾಲೇಜಿಗೆ ಸೇರಿದಳು. ಕೈಗೆ ಗಡಿಯಾರ ಕಟ್ಟಿಕೊಳ್ಳಳು. ಯಾರಾದರೂ ಎಷ್ಟಾಯಿತು ಎಂದರೆ ಪಕ್ಕದವರನ್ನು ತೋರಿಸುತ್ತಾಳೆ. ಉತ್ತರ ಗೊತ್ತಿದ್ದರೂ ಪರೀಕ್ಷೆಯಲ್ಲಿ ವೇಳೆ ಮುಗಿಯಿತೆಂದು ಗಾಬರಿಯಾಗಿ ಪತ್ರಿಕೆಯನ್ನು ಅರ್ಧಕ್ಕೇ ಕೊಟ್ಟು ಎದ್ದು ಬರುತ್ತಾಳೆ. ಈ ವರ್ಷ ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ಬರೆಯುವುದಿಲ್ಲ ಎಂದುಬಿಟ್ಟಳು. ಅದು ಅವಳ ಚಿಕ್ಕಂದಿನ ಆಸೆ.

"ಮೂರ ತಾಸ ಕೂಡಾಕ ನನ್ನಿಂದ ಆಗೂದಿಲ್ಲ ಮಮ್ಮಿ. ಅರ್ಧ ತಾಸ ಸುದ್ದಾ ಆಗತಿದ್ದಿಲ್ಲ, ನಿನಗ ಗೊತ್ತೈತೆಲ್ಲ."

ನನ್ನನ್ನೇ ಸಾಕ್ಷಿಗೆ ಕರೆದಳು. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ಇನ್ನು ಸಾಧ್ಯವಿರಲಿಲ್ಲ. ಅವಳನ್ನು ಕೂರಿಸಿ ಎಲ್ಲ ಹೇಳಿದೆ — ನೆಗೆಣ್ಣಿಯ ಮಾತು, ತಿರುಪು, ಆ ಮಳೆಯ ಸಂಜೆ, ಕೋಣೆಗೆ ಮೊದಲು ಓಡಿದ್ದು. ನೀನು ಅರ್ಧ ತಾಸಲ್ಲ, ಮುಕ್ಕಾಲು ತಾಸು ಕೂರುತ್ತಿದ್ದೆ ಎಂದೆ. ಮುಳ್ಳು ತೋರಿಸಿದ್ದನ್ನು ನೀನು ಸರಿಯಾಗಿಯೇ ಓದಿದ್ದೆ, ತಪ್ಪಾಗಿದ್ದದ್ದು ಗಡಿಯಾರ ಎಂದೆ.

ಅವಳು ಕೇಳಿದಳು: "ಹಂಗಾರ ಪ್ರತಿ ವರ್ಷ ನಾ ಆಯಿ ಕಾಲ ಹಿಡಿದ ಬೇಡಿದ್ದು... ಅದು ನೀ ಬೇಡೂದ ಇತ್ತೇನ?"

"ಹೌದವಾ."

"ನಾ ಬೇಡೂವಾಗ ನೀ ಅಲ್ಲೇ ನಿಂತಿರತಿದ್ದಿ."

"ನಿಂತಿರತಿದ್ನಿ."

ಅವಳು ಎದ್ದು ಹೊರಗೆ ಹೋದಳು. ಮರುದಿನ ಪರೀಕ್ಷೆಯ ಅರ್ಜಿಯನ್ನು ತಾನೇ ತುಂಬಿದಳು, ನನ್ನನ್ನು ಏನೂ ಕೇಳಲಿಲ್ಲ. ಅಂದಿನಿಂದ ನನ್ನೊಂದಿಗೆ ಅವಳ ಮಾತು ಎಷ್ಟು ಬೇಕೋ ಅಷ್ಟೇ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ. ಕ್ಷಮಿಸು ಎಂದು ನಾನೂ ಕೇಳಿಲ್ಲ. ನನ್ನ ತಪ್ಪಿಗೆ ಅಷ್ಟು ವರ್ಷ 'ಕ್ಷಮಾ' ಎಂದವಳ ಬಾಯಿಂದ ಆ ಮಾತನ್ನು ಇನ್ನೊಂದು ಸಲ ಹೊರಡಿಸುವ ಹಕ್ಕು ನನಗಿಲ್ಲ.