ಗುರುವಾರದ ಬೆಂಚು

ಮೊನ್ನೆ ಸಾಗರದಲ್ಲಿ ನೆಂಟರ ಮನೆಯ ನಾಮಕರಣದ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಹಾಕಿದ್ದರು. ಬಿಸಿ ಸಾರು ಬಿದ್ದದ್ದೇ ತಡ, ಹಾಳೆ ನೆನೆದ ವಾಸನೆ ಎದ್ದಿತು. ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಖಾರವಾಯಿತೇನೋ ಎಂದು ಪಕ್ಕದವರು ನೀರು ಕೊಟ್ಟರು. ನನಗೆ ನೆನಪಾದದ್ದು ಆ ಸೂಲಗಿತ್ತಿ ಅಜ್ಜಿ...

ಅರವತ್ತರ ದಶಕದ ಮಾತು. ತರಬೇತಿ ಮುಗಿಸಿ ಹೊಸನಗರದ ಕಡೆಯ ಸಣ್ಣದೊಂದು ಆಸ್ಪತ್ರೆಗೆ ನರ್ಸಾಗಿ ಹೋಗಿದ್ದೆ. ಬಿಳಿ ಸೀರೆಯ ಗಂಜಿಗಿಂತ ನನ್ನ ಕತ್ತೇ ಹೆಚ್ಚು ಬಿರುಸಾಗಿತ್ತು. ಅಲ್ಲಿನ ಡಾಕ್ಟರದು ಬೇರೆಲ್ಲೂ ಕಾಣದ ಒಂದು ಪದ್ಧತಿ. ಗುರುವಾರ ಮಧ್ಯಾಹ್ನ ಜಗಲಿಯ ಉದ್ದ ಬೆಂಚಿನ ಮೇಲೆ ಕಾಂಪೌಂಡರ್, ಆಯಾ, ನಾನು, ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಈ ಅಜ್ಜಿ, ಎಲ್ಲರೂ ಸಾಲಾಗಿ ಕೂರಬೇಕು. ಡಾಕ್ಟರೂ ಅದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಆ ವಾರದ ರೋಗಿಗಳಲ್ಲಿ ತಾನು ಕಂಡದ್ದನ್ನು ಒಬ್ಬೊಬ್ಬರೂ ಹೇಳಬೇಕು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. "ನಂಗೆ ಕಾಣದ್ದು ನಿಮಗೆ ಕಂಡಿರುತ್ತೆ, ಹೇಳಿ" ಅನ್ನುತ್ತಿದ್ದರು ಡಾಕ್ಟರು.

ನನಗೆ ಮೈಯೆಲ್ಲ ಉರಿ. ಅಕ್ಷರ ಬಾರದ ಮುದುಕಿಯ ಪಕ್ಕ ಕೂತು ನಾನು ಕಲಿಯುವುದೇನು? ಅಜ್ಜಿಗೋ ನನ್ನ ಮೇಲೆ ಬಲು ಅಕ್ಕರೆ. ಬಂದಾಗಲೆಲ್ಲ ಎರಡು ಪೇರಳೆ ಹಣ್ಣು ಕೈಗೆ ತುರುಕುತ್ತಿದ್ದರು. ಹೊಟ್ಟೆಯಲ್ಲಿ ಮಗು ಅಡ್ಡಲಾಗಿದ್ದರೆ ತಿಳಿಯುವುದು ಹೇಗೆಂದು ಒಮ್ಮೆ ನನ್ನ ಕೈ ಹಿಡಿದೇ ತೋರಿಸಿಕೊಟ್ಟರು. ನಾನು ಅವರ ಎದುರಿಗೇ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ.

ಒಂದು ಬೆಳಿಗ್ಗೆ ಅಜ್ಜಿ ಬಾಣಂತಿಯೊಬ್ಬಳನ್ನು ಎತ್ತಿನ ಗಾಡಿಯಲ್ಲಿ ಕರೆತಂದರು. ಚೊಚ್ಚಲ ಹೆರಿಗೆ. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ನಿಂತಿರಲಿಲ್ಲ. ಡಾಕ್ಟರು ತೀರ್ಥಹಳ್ಳಿಗೆ ಹೋಗಿದ್ದರು. ಮಗುವಿನ ಹಿಂದೆ ಬಿದ್ದ ಮಾಸನ್ನು ಅಜ್ಜಿ ಅಡಿಕೆ ಹಾಳೆಯಲ್ಲಿಟ್ಟು ಜೋಪಾನವಾಗಿ ತಂದಿದ್ದರು. ಚೂರು ಒಳಗುಳಿದರೆ ರಕ್ತ ನಿಲ್ಲದು; ಅದು ಇಡಿಯಾಗಿ ಬಿದ್ದಿದೆಯೇ ಎಂದು ತಾನು ನೋಡಿ, ಇನ್ನೊಬ್ಬರಿಗೂ ತೋರಿಸದೆ ಹೂಳಬಾರದೆಂಬುದು ಅವರ ಕಟ್ಟುನಿಟ್ಟು.

"ಇದ್ನ ಒಂಚೂರು ನೋಡಿ ಅಮ್ಮ. ಒಂದು ತುಂಡು ಒಳಗೇ ಉಳ್ದಂಗಿದೆ" ಅಂದರು.

"ಆ ಹೊಲಸೆಲ್ಲ ಒಳಗೆ ತರಬೇಡಿ. ಹೊರಗೆ ಕೂತ್ಕೊಳ್ಳಿ" ಅಂದೆ. ಹಾಳೆಯನ್ನು ಹಿತ್ತಲಿನಲ್ಲಿ ಹೂಳಿಸಿಬಿಟ್ಟೆ. ಇಂಜೆಕ್ಷನ್ ಕೊಟ್ಟೆ, ರಕ್ತ ತಗ್ಗಿತು, ನಾನು ಬೀಗಿದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹರಿಯತೊಡಗಿದ್ದು ನನ್ನ ಕೈಯಲ್ಲಿ ನಿಲ್ಲಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಆಕೆಯ ಮೈ ತಣ್ಣಗಾಗಿತ್ತು... ಮಗು ಅಜ್ಜಿಯ ಮಡಿಲಲ್ಲಿ ಅಳುತ್ತಿತ್ತು.

ಗುರುವಾರ ಬಂತು. ಮಾಸನ್ನು ಯಾರು ನೋಡಿದಿರಿ ಎಂದು ಡಾಕ್ಟರು ಕೇಳಿದರು. ಮೊದಲ ಸರದಿ ನನ್ನದು. "ಅಜ್ಜಿ ಏನೂ ಹೇಳ್ಲಿಲ್ಲ ಸಾರ್. ಹೂಳೋಕೆ ತಂದಿದಾರೆ ಅಂದ್ಕೊಂಡೆ" ಅಂದೆ. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಅಂದ ಮಾತು.

ಅಜ್ಜಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ಹೌದು. ನಾನು ಗಟ್ಟಿಯಾಗಿ ಹೇಳ್ಲಿಲ್ಲ. ಅಮ್ಮಂಗೆ ಕೇಳಿಸ್ಲಿಲ್ಲ" ಅಂದರು.

ಮುಂದಿನ ಗುರುವಾರ ಅವರು ಬರಲಿಲ್ಲ. ಬೆಂಚಿನಲ್ಲಿ ಅವರ ಜಾಗ ಹಾಗೇ ಖಾಲಿ ಬಿಟ್ಟು ಕೂತೆವು. ತಪ್ಪು ಅಜ್ಜಿಯದೇ ಎಂಬ ಮಾತು ಹಬ್ಬಿ, ಹಳ್ಳಿಯವರು ಅವರನ್ನು ಹೆರಿಗೆಗೆ ಕರೆಯುವುದನ್ನು ಬಿಟ್ಟರೆಂದು ಕಾಂಪೌಂಡರ್ ಹೇಳಿದರು. ಹೋಗಿ ನೋಡಿ ಬರಬೇಕೆಂದುಕೊಳ್ಳುತ್ತಲೇ ವರ್ಷ ಕಳೆಯಿತು, ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅಜ್ಜಿ ತೀರಿಕೊಂಡ ಸುದ್ದಿ ಅಲ್ಲಿಗೆ ಬಂತು.

ಆಮೇಲೆ ನಾನೇ ಹೊಸ ನರ್ಸುಗಳಿಗೆ ಕಲಿಸುವವಳಾದೆ. ಹೋದಲ್ಲೆಲ್ಲ ಬೆಂಚು ಹಾಕಿಸಿ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ಸೂಲಗಿತ್ತಿ ಏನು ತಂದರೂ ಮೊದಲು ನೋಡಿ, ಅವರ ಮಾತು ಮುಗಿಯುವ ತನಕ ಕೇಳಿ ಎಂದೆ. ಏಕೆಂದು ಒಬ್ಬರಿಗೂ ಹೇಳಲಿಲ್ಲ. ಅಷ್ಟು ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಮೊನ್ನೆ ಅರ್ಧ ಊಟಕ್ಕೇ ಎದ್ದೆ. ಕೈ ತೊಳೆಯುತ್ತಾ, ತೊಟ್ಟಿಲಲ್ಲಿದ್ದ ಮಗುವಿನ ಅಳು ಕೇಳುತ್ತಾ, ಅಂದು ಬೆಂಚಿನಲ್ಲಿ ಆಡಬೇಕಿದ್ದ ಮಾತನ್ನು ಬಾಯಿಬಿಟ್ಟು ಆಡಿದೆ.

ಅಜ್ಜಿ, ನೀವು ಗಟ್ಟಿಯಾಗಿಯೇ ಹೇಳಿದ್ದಿರಿ. ನನಗೆ ಕೇಳಿಸಿತ್ತು.