ಬಾನೆಟ್ಟಿಲ್ಲದ ಕಾರು

ಮದುವೆಯಾದ ಮೊದಲ ವರ್ಷ ನಾನೂ ನನ್ನ ಗಂಡನೂ ಹೆಚ್ಚು ಮಾತಾಡಿದ್ದು ಕಾರುಗಳ ಬಗ್ಗೆ. ಹಾಗಂತ ನಮ್ಮ ಹತ್ತಿರ ಕಾರಿರಲಿಲ್ಲ, ಸೈಕಲ್ಲೂ ಇರಲಿಲ್ಲ. ನಾವು ಮಾಡುತ್ತಿದ್ದದ್ದು ಗೇಣಿಗಿಂತ ತುಸು ಉದ್ದದ ಮರದ ಕಾರುಗಳು.

ಅವರು ಸಾಗರದಲ್ಲಿ, ಅಣೆಕಟ್ಟಿನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಲಿಂಗನಮಕ್ಕಿ ಕಡೆ ಕೆಲಸ ಶುರುವಾಗಿ, ಪೇಟೆಯ ಬೀದಿಯಲ್ಲಿ ಎತ್ತಿನ ಗಾಡಿಗಳ ನಡುವೆ ಜೀಪು, ಲಾರಿಗಳು ನುಗ್ಗಲು ತೊಡಗಿದ್ದ ಕಾಲ. ನಾನು ತೀರ್ಥಹಳ್ಳಿಯವಳು. ಅಪ್ಪ ಅಲ್ಲಿನ ಒಬ್ಬ ಡಾಕ್ಟರ ಕಾರಿನ ಡ್ರೈವರಾಗಿದ್ದವರು. ಗಂಡನ ಮನೆಗೆ ಬಂದ ವಾರದಲ್ಲೇ ಅವರ ಟ್ರಂಕು ಒರೆಸುವಾಗ ಬಟ್ಟೆಯಡಿಯಲ್ಲಿ ಅರ್ಧ ಮಾಡಿಟ್ಟ ಒಂದು ಮರದ ಜೀಪು ಸಿಕ್ಕಿತು. ಆಟದ ಸಾಮಾನು ಅಂದುಕೊಳ್ಳುವ ಹಾಗಿರಲಿಲ್ಲ. ಮುಂದಿನ ಗಾಜನ್ನು ಮಡಚುವ ಕೀಲು ಕೂಡ ಇತ್ತು. ಸಂಜೆ ಅವರು ಬಂದಾಗ ಅದನ್ನು ಕೈಯಲ್ಲಿ ಹಿಡಿದು, ಸ್ಟೆಪ್ನಿ ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ನನ್ನನ್ನು ಸರಿಯಾಗಿ ನೋಡಿದ್ದು ಆವಾಗಲೇ ಅಂತ ನನ್ನ ಲೆಕ್ಕ. ಅಲ್ಲಿಯವರೆಗೆ ಇಬ್ಬರೂ ನಾಚಿಕೆಯಲ್ಲಿ ಗೋಡೆ ನೋಡಿ ಮಾತಾಡುತ್ತಿದ್ದೆವು.

ಆಮೇಲೆ ಜಗಲಿಯ ಒಂದು ಮೂಲೆ ನಮ್ಮ ಕಾರ್ಖಾನೆಯಾಯಿತು. ಪಕ್ಕದ ಮನೆಯವರು ಗಂಧದ ಕೆತ್ತನೆಯವರು. ಗಂಧವನ್ನು ಯಾರೂ ಸುಮ್ಮನೆ ಕೊಡುವುದಿಲ್ಲ, ಆದರೆ ಅವರಲ್ಲಿ ಶಿವನೆ ಮರದ ತುಂಡುಗಳೂ ಬಿದ್ದಿರುತ್ತಿದ್ದವು. ಬೇಕಾದ್ದನ್ನು ಆರಿಸಿಕೊಳ್ಳಿ ಅನ್ನುತ್ತಿದ್ದರು. ಒಂದು ಸಣ್ಣ ಉಳಿಯನ್ನೂ ಕೊಟ್ಟು, ಅದನ್ನು ಹೇಗೆ ಹಿಡಿಯಬೇಕೆಂದು ನನಗೆ ಹೇಳಿಕೊಟ್ಟಿದ್ದರು. ಟೈರಿಗೆ ಸೈಕಲ್ ಟ್ಯೂಬಿನ ಪಟ್ಟಿ, ಬಂಪರಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಮಡ್ಗಾರ್ಡಿಗೆ ಬಿಸ್ಕತ್ ಡಬ್ಬದ ತಗಡು. ನಮ್ಮವರ ಒಂದೇ ಹಟ ಅಂದರೆ ಅಳತೆ. ನಿಜವಾದ ಗಾಡಿಯ ಒಂದು ಅಡಿಗೆ ನಮ್ಮದರಲ್ಲಿ ಮುಕ್ಕಾಲು ಇಂಚು. ಬಾಗಿಲ ಹಿಡಿಕೆಯನ್ನೂ ಅಳೆದೇ ಮಾಡಬೇಕು. ನನಗೆ ಅಷ್ಟು ತಾಳ್ಮೆಯಿಲ್ಲ. ಚಂದ ಕಂಡರೆ ಸಾಕು ಅನ್ನುವ ಪೈಕಿ ನಾನು.

ಒಂದು ದಿನ ಕಚೇರಿಗೆ ಯಾವುದೋ ಉಪಕರಣದ ಪೆಟ್ಟಿಗೆ ಬಂತಂತೆ. ಒಳಗೆ ಸಾಮಾನು ಅಲುಗಾಡದಿರಲಿ ಎಂದು ಪರದೇಶದ ಪತ್ರಿಕೆಯ ಹಾಳೆಗಳನ್ನು ಮುದುರಿ ತುರುಕಿದ್ದರು. ಅದರಲ್ಲಿ ಕಾರಿನ ಚಿತ್ರವಿದ್ದ ಒಂದು ಹಾಳೆಯನ್ನು ನೀಟು ಮಾಡಿ ನನಗೆಂದು ತಂದರು. ಅಂಥ ಕಾರನ್ನು ನಾನು ಕಂಡೇ ಇರಲಿಲ್ಲ. ಹಳೇ ಕಾಲದ ಗಾಡಿಯೇ ಸರಿ, ಆದರೆ ಮಡ್ಗಾರ್ಡ್ ಒಂದೂ ಇಲ್ಲ, ಬಾನೆಟ್ ಇಲ್ಲ, ಎಂಜಿನ್ನು ಬಟಾಬಯಲು. ಮುಂದಿನ ಚಕ್ರ ಚಿಕ್ಕದು, ಹಿಂದಿನದು ದಪ್ಪ. ಹೊಗೆ ಕೊಳವೆಗಳು ಕುಂಕುಮದ ಬಣ್ಣದ ಮೈಯ ಪಕ್ಕದಲ್ಲೇ ಹಾದು ಹೋಗಿದ್ದವು. ಕೆಳಗೆ ಹಾಟ್ ರಾಡ್ ಎಂದು ಬರೆದಿತ್ತು. ನಮ್ಮವರು ಅದನ್ನು ಕಾದ ಸರಳು ಎಂದು ಕನ್ನಡ ಮಾಡಿದರು, ಮಾಡಿ ತಾವೇ ನಕ್ಕರು. ಅಲ್ಲಿನ ಹುಡುಗರು ಹಳೇ ಕಾರು ಕೊಂಡು, ಭಾರವನ್ನೆಲ್ಲ ಬಿಚ್ಚಿ ಹಾಕಿ, ವೇಗಕ್ಕೆ ಅಂತ ಹೀಗೆ ಮಾಡುತ್ತಾರಂತೆ ಎಂದು ಓದಿ ಹೇಳಿದರು. ನಾವೂ ಇಂಥದೊಂದು ಮಾಡೋಣ ಎಂದೆ. ಒಳ್ಳೆ ಗಾಡಿ ಕೆಡಿಸುವ ಕೆಲಸ ಅದು, ಇದಕ್ಕೆ ಅಳತೆಯಾದರೂ ಎಲ್ಲಿಂದ ತರುವುದು ಎಂದರು. ನಾನು ಹಾಳೆಯನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದೆ. ದಿನಾ ಉಪ್ಪು, ಬೆಲ್ಲ ತೆಗೆಯುವಾಗ ಕಣ್ಣಿಗೆ ಬಿದ್ದೂ ಬಿದ್ದೂ ಆ ಕಾರು ನನಗೆ ಬಾಯಿಪಾಠವಾಯಿತು.

ಅಳತೆ ಸಿಗುವ ಕಾರು ನಮಗೆ ಒಂದೇ ಇದ್ದದ್ದು, ಅಪ್ಪ ಓಡಿಸುತ್ತಿದ್ದ ಡಾಕ್ಟರ ಕಾರು. ಬಟ್ಟೆ ಟಾಪಿನ, ಉದ್ದ ಮೂತಿಯ, ಕಡು ಹಸಿರು ಗಾಡಿ. ಅಪ್ಪನ ಕಣ್ಣು ಮಬ್ಬಾಗಿ ಅವರು ಕೆಲಸ ಬಿಟ್ಟಿದ್ದರು. ಡಾಕ್ಟರು ಹೊಸ ಕಾರು ತೆಗೆದುಕೊಂಡಿದ್ದರು. ಹಳೆಯದು ಶೆಡ್ಡಿನಲ್ಲಿತ್ತು, ಅಪ್ಪ ಆಗಾಗ ಹೋಗಿ ಒರೆಸಿ ಬರುತ್ತಿದ್ದರು. ದೀಪಾವಳಿಗೆ ತವರಿಗೆ ಹೋದಾಗ ನಾವಿಬ್ಬರೂ ಟೇಪು ಹಿಡಿದು ಅದನ್ನು ಸುತ್ತಿದೆವು. ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು, ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಅಳಿಯಂದಿರು ಅಣೆಕಟ್ಟಿನವರು, ಏನನ್ನಾದರೂ ಅಳೆಯದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದರಂತೆ.

ಇಡೀ ಚಳಿಗಾಲ ಆ ಕಾರಿನ ಮೇಲೇ ಹೋಯಿತು. ಮೈಯನ್ನು ಕೆತ್ತಿದವಳು ನಾನು. ಗರಗತ್ತಿ ಎಲೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದೂ ನಾನೇ. ಆ ಎಲೆ ಉಪ್ಪುಕಾಗದದಷ್ಟೇ ಒರಟು, ನಮ್ಮಲ್ಲಿ ಬೇಲಿ ಬದಿಗೇ ಸಿಗುತ್ತದೆ. ತಗಡಿನ ಕೆಲಸವೆಲ್ಲ ಅವರದು. ಬಾನೆಟ್ಟಿನ ಪಕ್ಕದ ಗಾಳಿ ಸೀಳುಗಳನ್ನು ಒಂದೊಂದಾಗಿ ಕತ್ತರಿಸಿದ್ದರು. ನನ್ನ ಮದುವೆಯ ರವಿಕೆಯಲ್ಲಿ ಉಳಿದ ತುಂಡಿನಿಂದ ಸೀಟಿಗೆ ಗವಸು ಹೊಲಿದೆ. ಅಪ್ಪನಿಗೆ ಅದನ್ನು ಕೊಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಬೇಸಿಗೆಯ ಆರಂಭದಲ್ಲಿ ರಜೆ ಸಿಕ್ಕಿತು. ಕಾರನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಲ್ಲಲ್ಲಿ ತಿದ್ದಲು ಬೇಕಾದೀತೆಂದು ಉಳಿ, ಗರಗಸ, ಬಣ್ಣ, ಮರದ ಚೂರು, ಟ್ಯೂಬಿನ ಪಟ್ಟಿಗಳ ಚೀಲವನ್ನೂ ಹಿಡಿದು ಹೊರಟೆವು. ಹೊಸನಗರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯವರೆಗೆ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಇಳಿದ ಮೇಲೆ, ನೀರು ಕುಡಿದು ಬರೋಣ ಎಂದು ಅವರು ಅದನ್ನು ಬಸ್ಸಿನ ಪಕ್ಕದ ಕಟ್ಟೆಯ ಮೇಲಿಟ್ಟರು. ಅದೇ ಹೊತ್ತಿಗೆ ಟಾಪಿನಿಂದ ಸಾಮಾನು ಇಳಿಸುತ್ತಿದ್ದವನ ಕೈಯಿಂದ ಒಂದು ಬೆಲ್ಲದ ಮೂಟೆ ಜಾರಿತು. ಬಂದು ಕೂತದ್ದು ಪೆಟ್ಟಿಗೆಯ ಮೇಲೆ.

ಮೂಟೆಯ ಯಜಮಾನ ಒಬ್ಬ ಮುದುಕ. ಪೆಟ್ಟಿಗೆ ಬಿಚ್ಚಿದ್ದನ್ನು ನೋಡಿ ಅವನಿಗೆ ಅಳುವೇ ಬಂತು. ಮನೆಯಲ್ಲಿ ಮಕ್ಕಳೆಷ್ಟು, ಯಾವ ಮಗುವಿನ ಆಟದ ಗಾಡಿ ಇದು ಎಂದು ವಿಚಾರಿಸಿದ. ಮಕ್ಕಳಿನ್ನೂ ಇಲ್ಲ, ಇದು ನಮ್ಮದೇ ಎಂದಾಗ ನಮ್ಮಿಬ್ಬರನ್ನೂ ಒಮ್ಮೆ ನೋಡಿದ. ಒಂದು ಅಚ್ಚು ಬೆಲ್ಲವನ್ನು ನನ್ನ ಸೆರಗಿಗೆ ಹಾಕಿ ಹೋದ.

ಮರದ ಮೈ ಗಟ್ಟಿಯಾಗಿ ಉಳಿದಿತ್ತು. ಬಾನೆಟ್ಟು ಹಪ್ಪಳವಾಗಿತ್ತು. ಮಡ್ಗಾರ್ಡುಗಳು ಮುರುಟಿದ್ದವು, ಟಾಪು ಚಿಂದಿ. ನಮ್ಮವರು ಕಟ್ಟೆಯ ಮೇಲೆ ಕೂತುಬಿಟ್ಟರು. ತೀರ್ಥಹಳ್ಳಿ ಬಸ್ಸು ಬಂದರೂ ಏಳಲಿಲ್ಲ. ಕೊನೆಗೆ ನಾನೇ, ಇವತ್ತು ಅತ್ತೆಯ ಮನೆಗೆ ಹೋಗಿ ನಾಳೆ ಹೊರಡೋಣ ಎಂದೆ.

ಅತ್ತೆ ಅಂದರೆ ಅವರ ಸೋದರತ್ತೆ. ಹೊಸನಗರದ ಪೇಟೆಯಲ್ಲಿ ಮಾವನ ಜವಳಿ ಅಂಗಡಿ, ಅದರ ಜಗಲಿಯಲ್ಲೇ ಅತ್ತೆಯ ಹೊಲಿಗೆ ಮಿಷನ್ನು. ಊರಿನ ಅರ್ಧ ಹೆಂಗಸರ ರವಿಕೆ ಅವರದೇ ಕೈಯದು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ. ನಾವು ಮುಟ್ಟಿದಾಗ ಅವರು ಆಗಲೇ ಸಂಜೆಯ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದರು. ಸುದ್ದಿ ಕೇಳಿ, ಕಾರನ್ನು ಕೈಗೆ ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು.

"ಮೇಲಿನ ಅಂಗಿ ಹರಿದಿದೆ ಅಷ್ಟೇ. ಒಳಗಿನದು ನೆಟ್ಟಗಿದೆಯಲ್ಲ" ಎಂದರು.

ಅವರು ಹಾಗೆಂದದ್ದೇ ನನಗೆ ಕಪಾಟಿನ ಬಾಗಿಲ ಚಿತ್ರ ಎದುರಿಗೆ ಬಂದು ನಿಂತಿತು. ಮಡ್ಗಾರ್ಡಿಲ್ಲ, ಬಾನೆಟ್ಟಿಲ್ಲ, ಟಾಪಿಲ್ಲ. ಅರ್ಧ ಕೆಲಸವನ್ನು ಬೆಲ್ಲದ ಮೂಟೆಯೇ ಮಾಡಿತ್ತು. ಮಾರನೆಯ ಬೆಳಿಗ್ಗೆ ಅವರು ಏಳುವ ಮೊದಲೇ ನಾನು ಜಗಲಿಯಲ್ಲಿ ಕೂತು ಉಳಿದ ತಗಡನ್ನೆಲ್ಲ ಕಿತ್ತು ಹಾಕಿದ್ದೆ. ಎದ್ದು ಬಂದು ನೋಡಿದವರು ಗಾಬರಿಯಾದರು. ಅಪ್ಪನ ಗಾಡಿ ಅದು, ಹಾಗೆಲ್ಲ ಮಾಡಬಾರದು, ಸಾಗರಕ್ಕೆ ವಾಪಸು ಹೋಗಿ ಮೊದಲಿನಂತೆ ಮಾಡೋಣ ಎಂದರು. ಮೊದಲಿನಂತೆ ಮಾಡಲು ಇನ್ನೊಂದು ಚಳಿಗಾಲ ಬೇಕು, ಇದನ್ನು ಇವತ್ತೇ ಮಾಡಬಹುದು ಎಂದು ನಾನು. ಅತ್ತೆ ಮಿಷನ್ ತುಳಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ಕೇಳಿಸಿಕೊಂಡರು. ಆಮೇಲೆ ಡ್ರಾಯರನ್ನು ಪೂರ್ತಿ ಎಳೆದು ನಮ್ಮ ನಡುವೆ ಇಟ್ಟರು. ನೂಲಿನ ರೀಲು, ಬಾಬಿನ್, ಟಿಚ್ ಬಟನ್, ಹುಕ್ಕು, ಮುರಿದ ಸೂಜಿ, ಎಲ್ಲ ಅದರಲ್ಲಿತ್ತು.

ನಮ್ಮವರು ಸ್ವಲ್ಪ ಹೊತ್ತು ಮುಖ ತಿರುಗಿಸಿ ಕೂತಿದ್ದರು. ನಾನು ಒಂದು ರೀಲನ್ನು ಎಂಜಿನ್ನಿನ ಜಾಗದಲ್ಲಿಟ್ಟೆ. ಅವರಿಗೆ ಅದನ್ನು ನೋಡದೆ ಇರಲಾಗಲಿಲ್ಲ.

"ಅದು ಬಹಳ ದೊಡ್ಡದಾಯ್ತು. ಆ ಲೆಕ್ಕಕ್ಕೆ ಎಂಜಿನ್ನು ನಿನ್ನ ಎತ್ತರ ಇರ್ತದೆ" ಎಂದು ಕೈ ಚಾಚಿದರು.

ಆಮೇಲೆ ನನ್ನ ಕೈಗೆ ಕೆಲಸ ಬರುವುದೇ ಕಷ್ಟವಾಯಿತು. ಅತ್ತೆಯ ಟೇಪಿನಲ್ಲೇ ಅಳೆದು, ಶಿವನೆಯ ತುಂಡು ಕೊರೆದು, ಅದರ ಮೇಲೆ ಟಿಚ್ ಬಟನ್ನುಗಳನ್ನು ಸಾಲಾಗಿ ಕೂರಿಸಿದರು. ಮೂಲೆಯಲ್ಲಿ ಬಿದ್ದಿದ್ದ ಹಳೇ ಕೊಡೆಯ ಕಡ್ಡಿಗಳನ್ನು ಬಗ್ಗಿಸಿ ಹೊಗೆ ಕೊಳವೆ ಮಾಡಿದೆವು. ಮಾವ ಅಂಗಡಿಗೆ ಬಂದ ಗಿರಾಕಿಗಳನ್ನು ಕಾಯಿಸಿ, ಹಿಂದಿನ ಚಕ್ರ ಇನ್ನೂ ದಪ್ಪವಾಗಬೇಕು ಎಂದು ಸಲಹೆ ಕೊಟ್ಟು ಹೋದರು. ಅವರ ಮಾತಿನಂತೆ ಟ್ಯೂಬನ್ನು ಎರಡು ಸುತ್ತು ಸುತ್ತಿದೆವು. ಹಸಿರು ಬಣ್ಣ ಮಾತ್ರ ಹಾಗೇ ಬಿಟ್ಟೆ. ಹೊತ್ತು ಇಳಿಯುವಷ್ಟರಲ್ಲಿ ಅದು ಮುಗಿದು ಮಿಷನ್ನಿನ ಹಲಗೆಯ ಮೇಲೆ ನಿಂತಿತ್ತು. ಮೂತಿ ಬಗ್ಗಿಸಿ, ಹಿಂಗಾಲು ಎತ್ತಿ, ಈಗಲೋ ಆಗಲೋ ಹಾರುವಂತೆ. ನಮ್ಮವರು ಅದನ್ನು ನೋಡುತ್ತಾ ಅನ್ನ ಕಲಸಿಕೊಂಡೇ ಕೂತಿದ್ದರು, ತಟ್ಟೆಯಲ್ಲಿದ್ದದ್ದು ಆರಿ ಹೋಯಿತು.

ಮರುದಿನ ತೀರ್ಥಹಳ್ಳಿಯ ಬಸ್ಸಿನಲ್ಲಿ ಕೂತ ಮೇಲೆ ನನಗೆ ಭಯ ಶುರುವಾಯಿತು. ಅಪ್ಪ ಶಿಸ್ತಿನ ಮನುಷ್ಯ. ಆ ಕಾರಿನ ಮೇಲೆ ಯಾರಾದರೂ ಕೈ ಊರಿದರೂ ಅವರಿಗೆ ಆಗುತ್ತಿರಲಿಲ್ಲ. ನಿಧಾನಕ್ಕೆ ಓಡಿಸುವುದರಲ್ಲಿ ಅವರ ಹೆಸರು ಎಷ್ಟಿತ್ತೆಂದರೆ, ಬಸುರಿಯರನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕಾದಾಗ ಬೇರೆ ಮನೆಯವರೂ ಡಾಕ್ಟರನ್ನು ಕೇಳಿ ಅಪ್ಪನನ್ನೇ ಕರೆಸಿಕೊಳ್ಳುತ್ತಿದ್ದರು. ಅಂಥವರ ಗಾಡಿಯನ್ನು ನಾನು ಬೆತ್ತಲೆ ಮಾಡಿ ಒಯ್ಯುತ್ತಿದ್ದೆ.

ಮನೆ ಮುಟ್ಟಿದಾಗ ಅಪ್ಪ ಜಗಲಿಯಲ್ಲೇ ಇದ್ದರು. ಬಂದ್ರಾ ಎಂದು ಎದ್ದು ನಿಂತರು. ಕಾಲು ತೊಳೆದು, ಕಾಫಿ ಆಗಿ, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಪೆಟ್ಟಿಗೆ ಬಿಚ್ಚಿ ಅವರ ಕೈಯಲ್ಲಿಟ್ಟೆ. ಅವರ ಕಣ್ಣಿಗೆ ಸಣ್ಣದು ಸರಿಯಾಗಿ ಕಾಣುತ್ತಿರಲಿಲ್ಲ, ಆದ್ದರಿಂದ ಬೆರಳಲ್ಲಿ ನೋಡಿದರು. ಹಿಂದಿನಿಂದ ಶುರು ಮಾಡಿ, ಬಾಗಿಲು, ಸ್ಟೀರಿಂಗು ಮುಟ್ಟುತ್ತಾ ಮುಂದೆ ಬಂದರು. ಬಾನೆಟ್ಟಿನ ಜಾಗದಲ್ಲಿ ಬೆರಳು ಟಿಚ್ ಬಟನ್ನಿಗೆ ತಾಗಿ ನಿಂತಿತು. ನಮ್ಮವರು ಬೆಲ್ಲದ ಮೂಟೆಯ ಕಥೆಯನ್ನು ಅವಸರದಲ್ಲಿ ಹೇಳತೊಡಗಿದರು. ಅಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಚಕ್ರಗಳ ಮೇಲೆ ಮಡ್ಗಾರ್ಡಿರಬೇಕಾದಲ್ಲಿ ಮತ್ತೊಮ್ಮೆ ಬೆರಳಾಡಿಸಿದರು.

"ಈ ಗಾಡಿನ ನಾನು ಓಡಿಸಿದ್ದೆ ಮಗಾ" ಎಂದರು. "ಹಿಂಗೇ ಇತ್ತು ಅವತ್ತು."

ಆಮೇಲೆ ನಿಧಾನಕ್ಕೆ ಹೇಳಿದರು. ನಾನಿನ್ನೂ ತೊಟ್ಟಿಲಲ್ಲಿದ್ದಾಗಿನ ಮಾತು. ಗಾಳಿಮಳೆಗೆ ಹಲಸಿನ ಕೊಂಬೆಯೊಂದು ಕಾರಿನ ಮೇಲೆ ಬಿದ್ದು ಟಾಪು, ಬಾನೆಟ್ಟು, ಮಡ್ಗಾರ್ಡೆಲ್ಲ ಜಜ್ಜಿ ಹೋಗಿತ್ತಂತೆ. ಅವನ್ನು ಬಿಚ್ಚಿ ಬಸ್ಸಿನ ಮೇಲೆ ಹಾಕಿ ಶಿವಮೊಗ್ಗದ ರಿಪೇರಿಯವರಿಗೆ ಕಳಿಸಿದರು. ಕೆಲಸವಾದ ಮೇಲೆ, ಅಲ್ಲೇ ಕೂರಿಸಬೇಕು, ಗಾಡಿ ತನ್ನಿ ಎಂದು ಹೇಳಿ ಕಳಿಸಿದರು. ಡಾಕ್ಟರು ಬರಲಿಲ್ಲ. ಅಪ್ಪ ಒಬ್ಬರೇ, ಮಳೆ ನಿಂತು ಹೊಳವಾದ ಒಂದು ಬೆಳಿಗ್ಗೆ ಹೊರಟರು.

"ಭಾರ ಇಲ್ಲ ನೋಡು ಅದಕ್ಕೆ. ಹಗ್ಗ ಬಿಚ್ಚಿದ ಕರುವಿನ ಹಾಗೆ ಆಡ್ತಿತ್ತು. ಎಂಜಿನ್ನಿನ ಸದ್ದು ನೇರ ಎದೆಗೇ ಬರ್ತಿತ್ತು. ಮಂಡಗದ್ದೆ ಹತ್ರ ಬಂದಾಗ ರಸ್ತೇಲಿ ಒಂದು ನರಪಿಳ್ಳೆ ಇರ್ಲಿಲ್ಲ. ನಾನೂ ಒತ್ತಿದೆ."

ಎಷ್ಟು ಒತ್ತಿದಿರಿ ಎಂದು ನಮ್ಮವರು ಕೇಳಿದರು. ಸದ್ದಿಗೆ ಹೊಳೆ ನಡುವಿನ ಮರಗಳಿಂದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದುವು, ಅವು ಮತ್ತೆ ಕೂರುವ ಮೊದಲೇ ತಾನು ಅತ್ತ ತಿರುವಿನಲ್ಲಿದ್ದೆ ಎಂದಷ್ಟೇ ಅಪ್ಪ ಹೇಳಿದರು. ಮಡ್ಗಾರ್ಡಿಲ್ಲದ್ದಕ್ಕೆ ಕೆಸರೆಲ್ಲ ತಲೆಯ ಮೇಲೆ. ಪೇಟೆ ಹೊಗುವ ಮೊದಲು ತುಂಗೆಯಲ್ಲಿ ಮುಳುಗಿ, ಅಂಗಿ ಹಿಂಡಿ ಹಾಕಿಕೊಂಡು ಹೋದರಂತೆ. ರಿಪೇರಿಯವರು, ದಾರಿಯಲ್ಲಿ ಮಳೆ ಸಿಕ್ಕಿತಾ ಎಂದು ಕೇಳಿದ್ದಕ್ಕೆ ಹೌದು ಎಂದರಂತೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಸಂಗತಿ ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವಳು ಅಂದಾಗ, ಅಪ್ಪ ನಾಚಿದ್ದನ್ನು ನಾನು ಮೊದಲ ಸಲ ನೋಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಅಳಿಯನಿಗೆ, ಇದಕ್ಕೆ ಒಂಚೂರು ಕೆಸರು ಹಾಕಲು ಆಗುತ್ತದಾ ಎಂದು ಕೇಳಿದರು. ಒಂದು ಚಳಿಗಾಲವಿಡೀ ಬಣ್ಣದ ಮೇಲೆ ಧೂಳು ಕೂರದಂತೆ ಕಾದವರು ನಮ್ಮವರು. ಆದರೂ ಹಿತ್ತಿಲಿಗೆ ಹೋಗಿ ಕೆಮ್ಮಣ್ಣು ತಂದರು, ಗೋಂದಿನಲ್ಲಿ ಕದಡಿದರು. ಅಳತೆಯ ಲೆಕ್ಕಕ್ಕೆ ಹನಿ ಎಷ್ಟು ಸಣ್ಣದಿರಬೇಕು ಎಂದು ಯೋಚಿಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕೆ ಇಟ್ಟರು. ಅಪ್ಪ ಪಕ್ಕದಲ್ಲಿ ಕೂತು, ಇಲ್ಲಿ ಇನ್ನೂ ಇತ್ತು, ಸೀಟಿನ ಮೇಲೂ ಇತ್ತು ಎಂದು ಹೇಳಿ ಹಾಕಿಸಿದರು.

ಆ ಬೇಸಿಗೆ ಅಪ್ಪ ನಮ್ಮ ಜೊತೆ ಸಾಗರಕ್ಕೇ ಬಂದರು. ಎರಡು ದಿನ ಇದ್ದು ಹೋಗುತ್ತೇನೆ ಎಂದವರು ಮಳೆ ಹಿಡಿಯುವವರೆಗೂ ಉಳಿದರು. ನಾವು ಅಣೆಕಟ್ಟಿಗೆ ಕಲ್ಲು ಹೊರುವ ಲಾರಿಯೊಂದನ್ನು ಶುರು ಮಾಡಿದ್ದೆವು. ಅಪ್ಪನಿಗೆ ಗರಗತ್ತಿ ಎಲೆ ಕೊಟ್ಟರೆ ಸಾಕಿತ್ತು, ಕಣ್ಣಿನ ಹಂಗಿಲ್ಲದೆ ಗಾಜಿನಂತೆ ನುಣುಪು ಮಾಡಿಕೊಡುತ್ತಿದ್ದರು. ಲಾರಿಯನ್ನು ಇದ್ದ ಹಾಗೇ ಮಾಡಬೇಕು ಎಂದು ನಮ್ಮವರು, ಮೂತಿ ಸ್ವಲ್ಪ ಗಿಡ್ಡ ಮಾಡಿದರೆ ಘಟ್ಟದ ತಿರುವಿಗೆ ಒಳ್ಳೆಯದು ಎಂದು ಅಪ್ಪ. ಮಾವ ಅಳಿಯ ಹೀಗೆ ಮಧ್ಯಾಹ್ನವೆಲ್ಲ ವಾದ ಮಾಡುತ್ತಾ, ಒಬ್ಬರು ಅಳೆಯುತ್ತಾ, ಇನ್ನೊಬ್ಬರು ಉಜ್ಜುತ್ತಾ ಕೂತಿರುತ್ತಿದ್ದರು. ನಾನು ಒಳಗೆ ಅವಲಕ್ಕಿ ಕಲಸುತ್ತಾ, ಕಡೆಗೆ ಮೂತಿ ಕತ್ತರಿಸಬೇಕಾದವಳು ನಾನೇ ಅಲ್ಲವೇ, ಆಗ ನೋಡೋಣ ಅಂದುಕೊಳ್ಳುತ್ತಿದ್ದೆ.